ಹಲ್ಲುಸೆಟ್ಟು ತೊಳೆಯುವ ಗುಳಿಗೆ: ಕಲೆಗೆ ಸರಿ, ಫಂಗಸ್‌ಗೆ ಸಾಲದು

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಉಪ್ಪಳದ ಕಡೆಯ ಮದ್ದಿನ ಅಂಗಡಿಗಳಲ್ಲಿ ಹಲ್ಲುಸೆಟ್ಟಿಗೆ ಏನಾದರೂ ಕೊಡಿ ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಮೂರು ವಸ್ತು: ನೀರಿಗೆ ಹಾಕಿದರೆ ನೊರೆಯೇಳುವ ಗುಳಿಗೆ ಅಥವಾ ಪುಡಿ, ಸೆಟ್ಟು ಜಾರದಂತೆ ಹಿಡಿಯುವ ಅಂಟು, ಬಾಯಿ ಉರಿ ಇದೆ ಎಂದರೆ ಸಣ್ಣ ಬಾಟಲಿಯಲ್ಲಿ ಬರುವ, ಬಾಯೊಳಗೆ ಹಚ್ಚುವ ಮೌತ್ ಪೇಂಟ್. ಕ್ಲಿನ್ಸೋಡೆಂಟ್, ಫಿಟ್ಟಿಡೆಂಟ್, ಪೋಲಿಡೆಂಟ್ ಎಂಬ ಹೆಸರುಗಳಲ್ಲಿ ತೊಳೆಯುವ ಗುಳಿಗೆ ಸಿಗುತ್ತದೆ. ಕ್ಲಿನ್ಸೋಡೆಂಟ್ ಪುಡಿಯಾಗಿಯೂ ಬರುತ್ತದೆ. ಈ ಬರಹ ಮುಖ್ಯವಾಗಿ ಆ ಗುಳಿಗೆಯ ಬಗ್ಗೆ. ಕಾರಣ, ಅಂಗುಳ ಕೆಂಪಾಗಿದೆ, ತುಟಿಯ ಮೂಲೆ ಒಡೆದಿದೆ, ಮಿಡಿ ಉಪ್ಪಿನಕಾಯಿ ಮುಟ್ಟಿದರೆ ಸಾಕು ಉರಿ ಎನ್ನುವ ಹಿರಿಯರಿಗಾಗಿ ಮನೆಯವರು ಮೊದಲು ತರುವುದು ಅದನ್ನೇ. ಗುಳಿಗೆ ಹಾಕಿದ ನೀರು ಬುರುಬುರು ಎನ್ನುತ್ತದೆ, ಸೆಟ್ಟು ಹೊಳೆಯುತ್ತದೆ. ತಿಂಗಳು ಕಳೆದ ಮೇಲೆ ನೋಡಿದರೆ ಅಂಗುಳ ಹಾಗೆಯೇ ಕೆಂಪಾಗಿರುತ್ತದೆ. ಹಾಗೆಂದು ಗುಳಿಗೆ ಕೆಟ್ಟದ್ದಲ್ಲ, ಅದಕ್ಕೆ ವಹಿಸಿದ ಕೆಲಸ ಅದರ ಕೈಲಾಗುವಂಥದ್ದಲ್ಲ.

ಆ ಕೆಂಪು ಹೆಚ್ಚಾಗಿ ಸೆಟ್ಟಿನಡಿ ಫಂಗಸ್ ಹಿಡಿದು ಬರುವ ರೋಗ. ಮೊದಲು ಅದರ ಗುರುತು. ಮೇಲಿನ ಸೆಟ್ಟನ್ನು ತೆಗೆದು, ಬಾಯಿ ಅಗಲಿಸಿ, ಮೊಬೈಲ್ ಟಾರ್ಚು ಹಿಡಿದು ಅಂಗುಳವನ್ನು ನೋಡಬೇಕು. ಆರೋಗ್ಯದ ಅಂಗುಳ ತಿಳಿ ಗುಲಾಬಿ ಬಣ್ಣದ್ದು. ಫಂಗಸ್ ಹಿಡಿದ ಅಂಗುಳದಲ್ಲಿ ಕೆಂಪು ಎಲ್ಲೆಂದರಲ್ಲಿ ಹರಡಿರುವುದಿಲ್ಲ. ಸೆಟ್ಟು ಎಲ್ಲಿ ಕೂರುತ್ತದೋ ಅಲ್ಲಿಗೆ ಮಾತ್ರ, ಗೆರೆ ಎಳೆದಂತೆ, ಕೆಂಪು ನಿಂತಿರುತ್ತದೆ. ಸೆಟ್ಟಿನ ಹಿಂದಿನ ಅಂಚು ದಾಟಿದ ಕೂಡಲೇ ಬಣ್ಣ ಸರಿಯಾಗುತ್ತದೆ. ಈ ಗೆರೆಯೇ ದೊಡ್ಡ ಸಾಕ್ಷಿ. ದಂತವೈದ್ಯ ನ್ಯೂಟನ್ 1962ರಲ್ಲಿ ಮಾಡಿದ ವಿಂಗಡಣೆಯನ್ನೇ ದಂತವೈದ್ಯರು ಇಂದಿಗೂ ಬಳಸುತ್ತಾರೆ: ಅಲ್ಲಲ್ಲಿ ಸೂಜಿಮೊನೆಯಂಥ ಕೆಂಪು ಚುಕ್ಕೆಗಳಿದ್ದರೆ ಮೊದಲನೆಯ ಬಗೆ, ಸೆಟ್ಟಿನ ಅಡಿಯೆಲ್ಲ ಒಂದೇ ಸಮನೆ ಕೆಂಪಾಗಿದ್ದರೆ ಎರಡನೆಯದು, ಅಂಗುಳದ ನಡುವೆ ಹರಳು ಹರಳಾಗಿ ಸಣ್ಣ ಗುಳ್ಳೆಗಳಂತೆ ಎದ್ದಿದ್ದರೆ ಮೂರನೆಯದು. ಮೂರನೆಯ ಬಗೆ ಮದ್ದಿಗೆ ಪೂರ್ತಿ ಬಗ್ಗುವುದಿಲ್ಲ. ಕೆಂಪು ಇಳಿದರೂ ಹರಳು ಉಳಿಯಬಹುದು, ಆಗ ದಂತವೈದ್ಯರೇ ನೋಡಿ ತೀರ್ಮಾನಿಸಬೇಕು.

ಬಹಳ ಮಂದಿಗೆ ನೋವೇ ಇರುವುದಿಲ್ಲ. ಸೆಟ್ಟು ಹಾಕುವವರಲ್ಲಿ ಇದರ ಪ್ರಮಾಣ ಬೇರೆ ಬೇರೆ ಅಧ್ಯಯನಗಳಲ್ಲಿ ಶೇಕಡಾ 15ರಿಂದ 70ರ ಆಚೆಗೂ ಕಂಡಿದೆ. ಅಂದರೆ ಇದು ಅಪರೂಪದ ರೋಗವಲ್ಲ, ನಾವು ನೋಡದೆ ಬಿಡುವ ರೋಗ. ಗಂಜಿಗೆ ರುಚಿ ಹತ್ತುತ್ತಿಲ್ಲ, ಚಾ ಬಿಸಿ ತಡೆಯುತ್ತಿಲ್ಲ, ಬಾಯಿ ವಾಸನೆ ಬರುತ್ತದೆ ಎನ್ನುವ ಸಣ್ಣ ದೂರುಗಳನ್ನು ಪ್ರಾಯದ ಲೆಕ್ಕಕ್ಕೆ ಹಾಕಿ ಮರೆತುಬಿಡುತ್ತೇವೆ.

ಕಾರಣಕರ್ತ ಹೆಚ್ಚಾಗಿ ಕ್ಯಾಂಡಿಡಾ ಅಲ್ಬಿಕನ್ಸ್ ಎಂಬ ಯೀಸ್ಟ್. ಆರೋಗ್ಯವಂತರ ಬಾಯಲ್ಲೂ ಸ್ವಲ್ಪ ಇರುತ್ತದೆ, ತೊಂದರೆ ಕೊಡದೆ ಇರುತ್ತದೆ. ಸೆಟ್ಟು ಬಂದ ಮೇಲೆ ಅದಕ್ಕೆ ಮನೆ ಸಿಕ್ಕಿದಂತಾಗುತ್ತದೆ. ಸೆಟ್ಟಿನ ಗುಲಾಬಿ ಭಾಗ ಅಕ್ರಿಲಿಕ್. ಹೊರಮೈಗೆ ಪಾಲಿಶ್ ಕೊಟ್ಟಿರುತ್ತಾರೆ. ಅಂಗುಳಕ್ಕೆ ತಾಗುವ ಒಳಮೈಗೆ ಕೊಡುವುದಿಲ್ಲ, ಕೊಟ್ಟರೆ ಅಳತೆ ಕೆಡುತ್ತದೆ. ಆ ಒರಟು ಮೈಯ ಸೂಕ್ಷ್ಮ ತೂತುಗಳಲ್ಲಿ ಯೀಸ್ಟ್ ಬೇರೂರುತ್ತದೆ. ಮೇಲಿನ ಸೆಟ್ಟು ಅಂಗುಳಕ್ಕೆ ಬಿಗಿಯಾಗಿ ಹಿಡಿದಿರುವುದರಿಂದ ಅಲ್ಲಿಗೆ ಜೊಲ್ಲು ಹರಿಯುವುದಿಲ್ಲ, ಜೊಲ್ಲಿನಲ್ಲಿರುವ ಕಾಯುವ ಗುಣವೂ ಅಲ್ಲಿಗೆ ತಲುಪುವುದಿಲ್ಲ. ಕೆಳಗಿನ ಸೆಟ್ಟಿನ ಅಡಿಯಲ್ಲಿ ಜೊಲ್ಲು ಓಡಾಡುತ್ತಲೇ ಇರುತ್ತದೆ. ಅದಕ್ಕೇ ಈ ರೋಗ ಹೆಚ್ಚಾಗಿ ಮೇಲೆಯೇ. ಒಟ್ಟಿನಲ್ಲಿ ರೋಗದ ಬೇರು ಬಾಯಿಗಿಂತ ಹೆಚ್ಚಾಗಿ ಸೆಟ್ಟಿನಲ್ಲಿದೆ. ಬಾಯಿಗೆ ಮಾತ್ರ ಮದ್ದು ಹಚ್ಚಿ ಅದೇ ಸೆಟ್ಟನ್ನು ಮತ್ತೆ ಏರಿಸಿದರೆ, ತೊಳೆದ ಕಾಲನ್ನು ಮತ್ತೆ ಕೆಸರಿಗೆ ಇಟ್ಟಂತೆ.

ಈಗ ಗುಳಿಗೆ. ಇವುಗಳಲ್ಲಿ ಹೆಚ್ಚಿನವು ಕ್ಷಾರೀಯ ಪೆರಾಕ್ಸೈಡ್ ಜಾತಿಯವು: ಪರ್ಬೋರೇಟ್ ಅಥವಾ ಪರ್ಸಲ್ಫೇಟ್‌ನಂಥ ಆಮ್ಲಜನಕ ಬಿಡುವ ಲವಣ, ಸೋಡ, ಸಿಟ್ರಿಕ್ ಆಮ್ಲ, ಸ್ವಲ್ಪ ಸಾಬೂನಿನ ಗುಣದ ವಸ್ತು, ಬಣ್ಣ, ಪುದೀನ ಪರಿಮಳ. ನೀರು ತಾಗಿದೊಡನೆ ಆಮ್ಲವೂ ಸೋಡವೂ ಸೇರಿ ಗುಳ್ಳೆ ಏಳುತ್ತದೆ, ಪೆರಾಕ್ಸೈಡ್ ಬಿಡುಗಡೆಯಾಗುತ್ತದೆ. ಗುಳ್ಳೆ ಸಡಿಲವಾದ ಕೊಳೆಯನ್ನು ಎಬ್ಬಿಸುತ್ತದೆ, ಪೆರಾಕ್ಸೈಡ್ ಚಾ ಮತ್ತು ವೀಳ್ಯದ ಕಲೆಯನ್ನು ತಿಳಿಗೊಳಿಸುತ್ತದೆ, ವಾಸನೆ ಕಡಿಮೆಯಾಗುತ್ತದೆ, ಬ್ಯಾಕ್ಟೀರಿಯಾ ಸಂಖ್ಯೆ ಇಳಿಯುತ್ತದೆ. ಇಷ್ಟನ್ನು ಗುಳಿಗೆ ಚೆನ್ನಾಗಿಯೇ ಮಾಡುತ್ತದೆ. ಎಲೆ ಅಡಿಕೆ ಹಾಕುವ ಹಿರಿಯರ ಸೆಟ್ಟಿನಲ್ಲಿ ಹಲ್ಲುಗಳ ಸಂದಿಗೆ ಕೂತ ಕಡುಕಂದು ಬಣ್ಣ ಬ್ರಷ್ಷಿಗೆ ಬಗ್ಗದಿದ್ದರೂ ಗುಳಿಗೆಗೆ ಕೆಲವು ದಿನಗಳಲ್ಲಿ ಬಗ್ಗುತ್ತದೆ. ಕಲ್ಲಿನಂತೆ ಗಟ್ಟಿಯಾದ ಸುಣ್ಣದ ಪದರಕ್ಕೆ ಮಾತ್ರ ಇದು ಸಾಲದು.

ಬಳಸುವ ಕ್ರಮದಲ್ಲಿ ತಪ್ಪುಗಳು ಹೆಚ್ಚು. ನೀರು ಉಗುರುಬೆಚ್ಚಗಿರಬೇಕು, ಸುಮಾರು 150 ಮಿಲಿ, ಸೆಟ್ಟು ಪೂರ್ತಿ ಮುಳುಗಬೇಕು. ಸ್ಟೀಲ್ ಲೋಟಕ್ಕಿಂತ ಗಾಜಿನ ಅಥವಾ ಪ್ಲಾಸ್ಟಿಕ್ ಪಾತ್ರೆ ವಾಸಿ. ಸೆಟ್ಟನ್ನು ಒಳಮೈ ಮೇಲೆ ಬರುವಂತೆ ಇಡಿ. ಮಗುಚಿ ಇಟ್ಟರೆ ಅಂಗುಳದ ಗುಂಡಿಯಲ್ಲಿ ಗಾಳಿ ಸಿಕ್ಕಿಕೊಂಡು, ಮದ್ದಿನ ನೀರು ತಾಗಲೇಬೇಕಾದ ಜಾಗವೇ ಒಣಗಿ ಉಳಿಯುತ್ತದೆ. ಎಷ್ಟು ಹೊತ್ತು ಇಡಬೇಕೆಂಬುದು ಪೊಟ್ಟಣದಿಂದ ಪೊಟ್ಟಣಕ್ಕೆ ಬೇರೆ; ಮೂರು ನಿಮಿಷ ಎನ್ನುವವೂ ಇವೆ, ಹದಿನೈದು ಎನ್ನುವವೂ ಇವೆ. ಬರೆದಷ್ಟು ಹೊತ್ತು ಇಟ್ಟು, ಅದೇ ನೀರಿನಲ್ಲಿ ಬ್ರಷ್ಷಿನಿಂದ ಉಜ್ಜಿ, ಆಮೇಲೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ನಡುವಿನ ಆ ಉಜ್ಜುವ ಹಂತವನ್ನೇ ಬಿಡುವವರು ಹೆಚ್ಚು. ಒಂದು ಗುಳಿಗೆಯನ್ನು ಎರಡು ತುಂಡು ಮಾಡಿ ಎರಡು ದಿನಕ್ಕೆ ಹಾಕಿದರೆ ನೀರಿನ ಬಲ ಅರ್ಧವಾಗುತ್ತದೆ. ಹಾಗೆ ಮಾಡುವುದಕ್ಕಿಂತ ದಿನ ಬಿಟ್ಟು ದಿನ ಪೂರ್ತಿ ಗುಳಿಗೆ ಹಾಕುವುದು ಸರಿ. ನಿನ್ನೆಯ ನೀರನ್ನು ಇಂದು ಬಳಸಿ ಪ್ರಯೋಜನವಿಲ್ಲ, ಅದರಲ್ಲಿ ಶಕ್ತಿ ಉಳಿದಿರುವುದಿಲ್ಲ.

ನಮ್ಮ ಮಳೆಗಾಲಕ್ಕೆ ಪುಡಿಗಿಂತ ಗುಳಿಗೆಯೇ ಹೆಚ್ಚು ಒಗ್ಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಿಲ್ಲೆಯಲ್ಲಿ ಆಟಿ ತಿಂಗಳಿನಲ್ಲಿ ಉಪ್ಪೇ ನೀರೊಡೆಯುತ್ತದೆ. ಪುಡಿಯ ಡಬ್ಬಿ ತೆರೆದಾಗಲೆಲ್ಲ ತೇವ ಒಳಗೆ ಹೋಗಿ, ಆಮ್ಲವೂ ಸೋಡವೂ ಡಬ್ಬಿಯಲ್ಲೇ ಸೇರಿ, ಗಂಟು ಕಟ್ಟುತ್ತದೆ. ಗಂಟು ಕಟ್ಟಿದ ಪುಡಿ ನೊರೆ ಬರಿಸುವುದಿಲ್ಲ, ಕೆಲಸವನ್ನೂ ಮಾಡುವುದಿಲ್ಲ. ಒಂದೊಂದಾಗಿ ಹಾಳೆಯಲ್ಲಿ ಮುಚ್ಚಿದ ಗುಳಿಗೆಗೆ ಈ ತೊಂದರೆಯಿಲ್ಲ. ಪುಡಿಯೇ ಬೇಕೆನ್ನುವವರು ಒಣಗಿದ ಚಮಚ ಬಳಸಿ, ಡಬ್ಬಿಯನ್ನು ಬಚ್ಚಲಿನಿಂದ ದೂರ ಇಡಿ.

ಗುಳಿಗೆ ಎಲ್ಲಿ ಸೋಲುತ್ತದೆ ಎಂಬುದನ್ನು ಕಣ್ಣಾರೆ ನೋಡಬಹುದು. ಗುಳಿಗೆ ನೀರಿನಿಂದ ತೆಗೆದ ಸೆಟ್ಟನ್ನು ತೊಳೆದು, ಬಟ್ಟೆಯಿಂದ ಒತ್ತಿ ಒರಸಿ, ಐದು ನಿಮಿಷ ಗಾಳಿಗೆ ಬಿಡಿ. ಆಮೇಲೆ ಒಳಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಒದ್ದೆಯಿದ್ದಾಗ ಎಲ್ಲವೂ ಹೊಳೆಯುತ್ತದೆ, ಒಣಗಿದ ಮೇಲೆಯೇ ನಿಜ ತಿಳಿಯುವುದು. ಸ್ವಚ್ಛವಾದಲ್ಲಿ ಅಕ್ರಿಲಿಕ್‌ನ ಬಣ್ಣ ನಿಚ್ಚಳವಾಗಿರುತ್ತದೆ; ಪಾಚಿ ಉಳಿದಲ್ಲಿ ಹಾಲಿನ ಕೆನೆ ಒಣಗಿದಂಥ ಮಂಕು ಪೊರೆ ಕಾಣುತ್ತದೆ, ಹೆಚ್ಚಾಗಿ ಒಸಡಿನ ದಿಂಡು ಕೂರುವ ಕಾಲುವೆಯ ತಳದಲ್ಲಿ ಮತ್ತು ಮುಂದಿನ ಹಲ್ಲುಗಳ ಹಿಂಭಾಗದ ತಗ್ಗಿನಲ್ಲಿ. ಹಲ್ಲುಕಡ್ಡಿಯ ತುದಿಯಿಂದ ಮೆಲ್ಲಗೆ ಎಳೆದರೆ ಬಿಳಿ ಪಸೆ ಎದ್ದು ಬರುತ್ತದೆ. ಆ ಪಸೆಯೇ ಯೀಸ್ಟ್, ಬ್ಯಾಕ್ಟೀರಿಯಾ ಮತ್ತು ಅವು ಸೇರಿ ನೇಯ್ದ ಅಂಟುಪದರ. ಹಳೆಯದಾಗಿ ದಪ್ಪ ಕಟ್ಟಿದ ಈ ಪದರದ ತಳಕ್ಕೆ ಗುಳಿಗೆಯ ನೀರು ಹದಿನೈದು ನಿಮಿಷದಲ್ಲಿ ಇಳಿಯುವುದಿಲ್ಲ. ಮೇಲಿನವು ಸಾಯುತ್ತವೆ, ಅಡಿಯವು ಬದುಕಿ ಮತ್ತೆ ಹಬ್ಬುತ್ತವೆ.

ಎಚ್ಚರಿಕೆಗಳನ್ನೂ ಇಲ್ಲೇ ಹೇಳಬೇಕು. ಪರ್ಸಲ್ಫೇಟ್ ಇರುವ ಗುಳಿಗೆಗಳಿಂದ ಕೆಲವರಿಗೆ ಅಲರ್ಜಿಯಾಗುತ್ತದೆ: ಒಸಡು ಉರಿ, ತುಟಿ ಊತ, ದದ್ದು, ಉಬ್ಬಸ. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 73 ತೀವ್ರ ಪ್ರಕರಣಗಳನ್ನೂ ಕನಿಷ್ಠ ಒಂದು ಸಾವನ್ನೂ ಉಲ್ಲೇಖಿಸಿ, ಪೊಟ್ಟಣದ ಮೇಲೆ ಎಚ್ಚರಿಕೆ ಹಾಕಬೇಕೆಂದು ತಯಾರಕರಿಗೆ ಹೇಳಿತು. ಅವುಗಳಲ್ಲಿ ಕೆಲವರು ಆ ನೀರಿನಿಂದ ಬಾಯಿ ಮುಕ್ಕಳಿಸಿದವರು, ಗುಳಿಗೆಯನ್ನೇ ಜಗಿದವರು, ನುಂಗಿದವರು. ಕ್ಯಾಲ್ಸಿಯಂ, ವಿಟಮಿನ್ ಸಿಯ ನೊರೆಗುಳಿಗೆಗಳು ಈಗ ಎಷ್ಟೋ ಮನೆಗಳಲ್ಲಿವೆ. ನೋಡಲು ಎಲ್ಲವೂ ಒಂದೇ. ಮರೆವು ಇರುವ ಅಜ್ಜ ಅಜ್ಜಿಯರ ಮನೆಯಲ್ಲಿ ತೊಳೆಯುವ ಗುಳಿಗೆಯನ್ನು ಮದ್ದಿನ ಪೆಟ್ಟಿಗೆಯಲ್ಲಿ ಇಡಲೇಬೇಡಿ, ಅದು ಹಾಕಿದ ಲೋಟವನ್ನು ಹಾಸಿಗೆಯ ಪಕ್ಕ ನೀರಿನ ಲೋಟದ ಜತೆಗೆ ಇಡಬೇಡಿ. ಒಳಗೆ ಮೆತ್ತನೆಯ ಪದರ ಹಾಕಿಸಿದ ಸೆಟ್ಟಿದ್ದರೆ ಕೇಳದೆ ಗುಳಿಗೆ ಬಳಸಬೇಡಿ. ಕೆಲವು ಮೆತ್ತೆಗಳು ಪೆರಾಕ್ಸೈಡಿಗೆ ಗುಳ್ಳೆಯೆದ್ದು ಹಾಳಾಗುತ್ತವೆ, ಹಾಗೆ ಹಾಳಾದ ಮೆತ್ತೆ ಯೀಸ್ಟಿಗೆ ಇನ್ನೂ ಒಳ್ಳೆಯ ಜಾಗ.

ಗುಳಿಗೆಗಿಂತ ಮೊದಲು ಹಣ ಹಾಕಬೇಕಾದದ್ದು ಬ್ರಷ್ಷಿಗೆ. ಸೆಟ್ಟಿಗೆಂದೇ ಮಾಡಿದ ಎರಡು ತಲೆಯ ಬ್ರಷ್ ಸಿಗುತ್ತದೆ: ಒಂದು ಕಡೆ ಅಗಲ, ಮತ್ತೊಂದು ಕಡೆ ಚೂಪು. ಆ ಚೂಪು ತಲೆಯೇ ಮುಖ್ಯ, ಕಾಲುವೆಯ ತಳಕ್ಕೆ ಹೋಗುವುದು ಅದೊಂದೇ. ಸಿಗದಿದ್ದರೆ ಮಕ್ಕಳ ಮೆದು ಹಲ್ಲುಜ್ಜುವ ಬ್ರಷ್ಷೊಂದನ್ನು ಇದಕ್ಕೇ ಮೀಸಲಿಡಿ. ಬೇಸಿನ್ನಿಗೆ ಅರ್ಧ ನೀರು ತುಂಬಿಸಿ ಅಥವಾ ಬೋಗುಣಿ ಇಟ್ಟು ಅದರ ಮೇಲೆ ತೊಳೆಯಬೇಕು. ಕೈಜಾರಿ ಗ್ರಾನೈಟಿಗೆ ಬಿದ್ದ ಸೆಟ್ಟು ಉಳಿಯುವುದಿಲ್ಲ. ಕೆಳಗಿನ ಸೆಟ್ಟನ್ನು ಎರಡೂ ತುದಿ ಹಿಡಿದು ಒತ್ತಿದರೆ ನಡುವೆ ಲಟಕ್ಕೆಂದು ಮುರಿಯುತ್ತದೆ, ಆದ್ದರಿಂದ ಅಂಗೈಯಲ್ಲಿ ಒರಗಿಸಿ ಹಿಡಿಯಿರಿ. ಪಾತ್ರೆ ತೊಳೆಯುವ ದ್ರವ ಒಂದು ಹನಿ ಅಥವಾ ಮೈಸಾಬೂನು ಸಾಕು. ಮೊದಲು ಒಳಮೈ, ಆಮೇಲೆ ಕಾಲುವೆ, ಅಂಚುಗಳು, ಕೊನೆಗೆ ಹಲ್ಲು. ಜನ ಮಾಡುವುದು ಇದರ ಉಲ್ಟಾ, ನಾಲ್ಕು ಮಂದಿಗೆ ಕಾಣುವ ಹಲ್ಲನ್ನು ಉಜ್ಜಿ ಕಾಣದ ಒಳಮೈಯನ್ನು ನೀರು ಹೊಯ್ದು ಬಿಡುತ್ತಾರೆ. ಎರಡು ನಿಮಿಷ ಬೇಕು, ದಿನಕ್ಕೆ ಎರಡು ಸಲ. ಊಟವಾದ ಮೇಲೆಲ್ಲ ಬರೀ ನೀರಿನಲ್ಲಿ ತೊಳೆದರೂ ಒಳ್ಳೆಯದು. ಪಾರ್ಶ್ವವಾಯು ಆಗಿ ಒಂದೇ ಕೈ ಆಡುವವರಿಗೆ ರಬ್ಬರಿನ ಹಿಡಿಕೆಯಿಂದ ಬೇಸಿನ್ನಿಗೆ ಅಂಟಿ ಕೂರುವ ಬ್ರಷ್ ಬಹಳ ಅನುಕೂಲ: ಬ್ರಷ್ ಅಲ್ಲೇ ಇರುತ್ತದೆ, ಸೆಟ್ಟನ್ನು ಅದರ ಮೇಲೆ ಆಡಿಸಿದರಾಯಿತು.

ಉಮಿಕರಿ ಮಾತ್ರ ಬೇಡ. ಸುಟ್ಟ ಉಮಿಯಲ್ಲಿರುವ ಸಿಲಿಕಾ ಮರಳುಕಾಗದದಂತೆ ಅಕ್ರಿಲಿಕ್ಕನ್ನು ಗೀರುತ್ತದೆ, ಪ್ರತಿ ಗೀರೂ ಯೀಸ್ಟಿಗೆ ಒಂದೊಂದು ಗೂಡು. ಹಲ್ಲುಪುಡಿ, ಟೂತ್‌ಪೇಸ್ಟ್ ಕೂಡ ಹಾಗೆಯೇ. ಅವುಗಳಲ್ಲಿ ಉಜ್ಜುವ ಕಣಗಳಿರುತ್ತವೆ, ನಿಜವಾದ ಹಲ್ಲಿನ ಎನಾಮಲ್ ತಡೆದರೂ ಅಕ್ರಿಲಿಕ್ ತಡೆಯುವುದಿಲ್ಲ. ಕುದಿಯುವ ನೀರೂ ಬೇಡ. ಕ್ರಿಮಿ ಸಾಯಲಿ ಎಂದು ಕುದಿನೀರು ಹೊಯ್ದರೆ ಸೆಟ್ಟು ಕಣ್ಣಿಗೆ ಕಾಣದಷ್ಟು ಸೊಟ್ಟಗಾಗಿ ಸಡಿಲವಾಗುತ್ತದೆ. ಸಡಿಲ ಸೆಟ್ಟು ದಿನವಿಡೀ ಅಂಗುಳವನ್ನು ಉಜ್ಜುತ್ತದೆ, ಉಜ್ಜಿದ ಚರ್ಮಕ್ಕೆ ಯೀಸ್ಟ್ ಬೇಗ ಹತ್ತುತ್ತದೆ. ರೋಗ ಕಳೆಯಲು ಮಾಡಿದ್ದೇ ರೋಗಕ್ಕೆ ದಾರಿಯಾಗುತ್ತದೆ. ಗಟ್ಟಿಯಾದ ಸುಣ್ಣದ ಪದರಕ್ಕೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಸೇರಿಸಿ ರಾತ್ರಿ ನೆನೆಸಿ ಬೆಳಿಗ್ಗೆ ಉಜ್ಜಬಹುದು. ಲೋಹದ ಭಾಗ ಇದ್ದರೆ ಬೇಡ.

ಫಂಗಸ್ ನಿಜವಾಗಿ ಹಿಡಿದಿದೆ ಎಂದು ವೈದ್ಯರು ಹೇಳಿದಾಗ, ಪೂರ್ತಿ ಅಕ್ರಿಲಿಕ್ ಸೆಟ್ಟಿಗೆ ಬಲವಾದ ನೆನೆಸುವ ಮದ್ದು ಸೋಡಿಯಂ ಹೈಪೋಕ್ಲೋರೈಟ್. ಶೇಕಡಾ 5ರ ದ್ರವ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿದರೆ ಶೇಕಡಾ 0.5 ಆಗುತ್ತದೆ: 10 ಮಿಲಿಗೆ 90 ಮಿಲಿ. ಹತ್ತು ನಿಮಿಷ ಸಾಕು. ಕಟ್ಟಿಸಿದ ಹಲ್ಲಿನ ತಜ್ಞರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಪ್ರೊಸ್ತೋಡಾಂಟಿಸ್ಟ್ಸ್ 2011ರಲ್ಲಿ ಕೊಟ್ಟ ಮಾರ್ಗಸೂಚಿಯೂ ಹತ್ತು ನಿಮಿಷ ಮೀರಬಾರದು ಎನ್ನುತ್ತದೆ, ಮೀರಿದರೆ ಸೆಟ್ಟು ಹಾಳಾಗುವ ಭಯವಿದೆ. ತಂತಿ ಕೊಕ್ಕೆಯಿರುವ, ಲೋಹದ ಚೌಕಟ್ಟಿನ ಸೆಟ್ಟಿಗೆ ಇದು ಬೇಡವೇ ಬೇಡ, ತುಕ್ಕು ಹಿಡಿಯುತ್ತದೆ. ಪರಿಮಳದ, ಸಾಬೂನು ಸೇರಿಸಿದ ನೆಲ ತೊಳೆಯುವ ದ್ರವ ಆಗದು. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯನ್ನೂ ತರಬೇಡಿ. ತೆರೆದಿಟ್ಟ ಪುಡಿಯಲ್ಲಿ ಎಷ್ಟು ಕ್ಲೋರಿನ್ ಉಳಿದಿದೆಯೆಂದು ಲೆಕ್ಕ ಸಿಗುವುದಿಲ್ಲ. ಹೈಪೋಕ್ಲೋರೈಟನ್ನು ವಿನೆಗರ್ ಅಥವಾ ಬಚ್ಚಲು ತೊಳೆಯುವ ಆಸಿಡ್ ಜತೆ ಸೇರಿಸಿದರೆ ವಿಷಗಾಳಿ ಏಳುತ್ತದೆ.

ಇನ್ನು ಮೌತ್ ಪೇಂಟ್. ಇಲ್ಲಿ ಹೆಚ್ಚು ಸಿಗುವುದು ಶೇಕಡಾ 1ರ ಕ್ಲೋಟ್ರಿಮಝೋಲ್, ಕ್ಯಾಂಡಿಡ್ ಎಂಬ ಹೆಸರಿನಲ್ಲಿ ಹಲವರಿಗೆ ಪರಿಚಿತ. ಬೆಲೆಗೆ ತಕ್ಕ ಕೆಲಸ ಮಾಡುವ ಮದ್ದು, ಆದರೆ ಅರ್ಧಂಬರ್ಧ ಬಳಕೆಯಿಂದಲೇ ಹೆಸರು ಕೆಡಿಸಿಕೊಂಡಿದೆ. ಸೆಟ್ಟು ಹಾಕಿಕೊಂಡೇ ನಾಲಗೆಗೆ ನಾಲ್ಕು ಹನಿ ಬಿಟ್ಟರೆ ಅಂಗುಳಕ್ಕೆ ಏನೂ ತಲುಪುವುದಿಲ್ಲ. ಸೆಟ್ಟು ತೆಗೆದು, ಬಾಯಿ ಮುಕ್ಕಳಿಸಿ, ಹತ್ತಿಯನ್ನು ನೆನೆಸಿ ಕೆಂಪಾದ ಜಾಗಕ್ಕೆಲ್ಲ ಹಚ್ಚಬೇಕು. ಉಜ್ಜಿ ತೊಳೆದ ಸೆಟ್ಟಿನ ಒಳಮೈಗೂ ತೆಳ್ಳಗೆ ಸವರಬೇಕು. ಊಟವಾದ ಮೇಲೆ, ಮಲಗುವ ಮೊದಲು, ಹೀಗೆ ದಿನಕ್ಕೆ ಮೂರು ನಾಲ್ಕು ಸಲ. ಹಚ್ಚಿದ ಮೇಲೆ ಅರ್ಧ ಗಂಟೆ ನೀರು, ಚಾ ಬೇಡ. ಮೂರು ದಿನಕ್ಕೆ ಉರಿ ಹೋಗುತ್ತದೆ, ಅಲ್ಲಿಗೇ ನಿಲ್ಲಿಸುತ್ತಾರೆ; ಯೀಸ್ಟ್ ಹೋಗಿರುವುದಿಲ್ಲ. ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಎರಡು ವಾರ, ಬಿಡದೆ ಹಚ್ಚಿ.

ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿ ಅಥವಾ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್, ಅಸಿನೋಕೌಮರಾಲ್ ತೆಗೆದುಕೊಳ್ಳುವವರು ಈ ಸಾಲನ್ನು ದಯವಿಟ್ಟು ಎರಡು ಸಲ ಓದಿ: ಬಾಯಿಗೆ ಹಚ್ಚುವ ಮೈಕೊನಝೋಲ್ ಜೆಲ್ ಮತ್ತು ನುಂಗುವ ಫ್ಲುಕೊನಝೋಲ್ ಗುಳಿಗೆ ಆ ಮದ್ದುಗಳ ಬಲವನ್ನು ಏರಿಸಿ ರಕ್ತಸ್ರಾವ ತರಬಲ್ಲವು. ಜೆಲ್ ಬರೀ ಮೇಲೆ ಹಚ್ಚುವುದಲ್ಲವೇ ಎಂದು ತಿಳಿಯಬೇಡಿ, ಬಾಯಿಯಿಂದ ಅದು ರಕ್ತಕ್ಕೆ ಹೋಗುತ್ತದೆ. ಯಾವ ಫಂಗಸ್ ಮದ್ದು ಕೊಳ್ಳುವ ಮೊದಲೂ ಈಗ ತೆಗೆದುಕೊಳ್ಳುತ್ತಿರುವ ಗುಳಿಗೆಗಳ ಚೀಟಿಯನ್ನು ತೋರಿಸಿ. 150 ಮಿಲಿಗ್ರಾಂ ಫ್ಲುಕೊನಝೋಲನ್ನು ಒಂದೇ ಸಲ ನುಂಗಿ ಮುಗಿಸುವ ಕ್ರಮ ಹೆಂಗಸರ ಬೇರೊಂದು ಯೀಸ್ಟ್ ಸೋಂಕಿನದ್ದು, ಸೆಟ್ಟಿನಡಿಯ ರೋಗಕ್ಕೆ ಅದರಿಂದ ಪರಿಹಾರವಿಲ್ಲ. ಬಾಯಿಹುಣ್ಣೆಂದು ತಿಳಿದು ತಿಂಗಳುಗಟ್ಟಲೆ ಬಿ ಕಾಂಪ್ಲೆಕ್ಸ್ ನುಂಗುವವರೂ ಇದ್ದಾರೆ. ಅದಕ್ಕಿಂತ ಕೆಟ್ಟದ್ದು ಹುಣ್ಣಿಗೆ ಹಚ್ಚುವ ಸ್ಟೀರಾಯ್ಡ್ ಪೇಸ್ಟನ್ನು ಇಲ್ಲಿಗೆ ಹಚ್ಚುವುದು: ಎರಡು ದಿನ ತಂಪೆನಿಸಿ, ಆಮೇಲೆ ಯೀಸ್ಟ್ ಇನ್ನಷ್ಟು ಹಬ್ಬುತ್ತದೆ.

ಶೇಕಡಾ 0.2ರ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಲೋಹದ ಸೆಟ್ಟಿನವರಿಗೆ ಹೈಪೋಕ್ಲೋರೈಟಿನ ಬದಲು: ಅದರಲ್ಲಿ ಸೆಟ್ಟನ್ನು ಹದಿನೈದು ನಿಮಿಷ, ದಿನಕ್ಕೆ ಎರಡು ಸಲ ನೆನೆಸಬಹುದು. ಹೆಚ್ಚು ದಿನ ಬಳಸಿದರೆ ಚಾ ಮತ್ತು ಎಲೆ ಅಡಿಕೆಯ ಜತೆ ಸೇರಿ ಕಂದು ಕಲೆ ಹಿಡಿಯುತ್ತದೆ. ವೈದ್ಯರು ನಿಸ್ಟಾಟಿನ್ ಎಂಬ ಫಂಗಸ್ ಮದ್ದು ಕೊಟ್ಟಿದ್ದರೆ ಎರಡನ್ನೂ ಒಟ್ಟಿಗೆ ಬಳಸಬಾರದು, ಒಂದು ಇನ್ನೊಂದನ್ನು ನಿಷ್ಪ್ರಯೋಜಕ ಮಾಡುತ್ತದೆ.

ರಾತ್ರಿ ಸೆಟ್ಟು ತೆಗೆದಿಡುವುದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಮೇಲೆ ಹೇಳಿದ ಯಾವ ವಸ್ತುವೂ ಇದಕ್ಕೆ ಸಮನಲ್ಲ. ಅಂಗುಳಕ್ಕೆ ಜೊಲ್ಲು ತಾಗಬೇಕು, ಗಾಳಿಯಾಡಬೇಕು. 85 ದಾಟಿದ 524 ಹಿರಿಯರನ್ನು ಗಮನಿಸಿ 2015ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಬರುವ ಅಪಾಯ ಎರಡು ಪಟ್ಟಿಗಿಂತ ಹೆಚ್ಚಿತ್ತು. ಬೊಚ್ಚುಬಾಯಿ ಮನೆಯವರಿಗೆ ಕಾಣಬಾರದು ಎಂಬ ಸಂಕೋಚ ಹಿರಿಯರಿಗಿರುತ್ತದೆ, ಅದನ್ನು ಗದರಿಸಿ ಬಿಡಿಸಲಾಗದು. ರಾತ್ರಿ ಆಗದಿದ್ದರೆ ಹಗಲು ಒಬ್ಬರೇ ಇರುವ ಹೊತ್ತಿನಲ್ಲಾದರೂ ಕೆಲವು ಗಂಟೆ ತೆಗೆದಿಡಲಿ. ತೆಗೆದ ಸೆಟ್ಟನ್ನು ಉಜ್ಜಿ ತೊಳೆದು, ದಿನವೂ ಬದಲಿಸಿದ ಶುದ್ಧ ನೀರಿನಲ್ಲಿಡಿ. ಡಬ್ಬಿಯ ಒಳಗೋಡೆಗೆ ಬೆರಳಾಡಿಸಿ ನೋಡಿ, ಜಾರುತ್ತಿದ್ದರೆ ಅಲ್ಲೂ ಅದೇ ಪಾಚಿ ಕಟ್ಟಿದೆ.

ಅಂಟಿನ ಬಗ್ಗೆ ಎರಡೇ ಮಾತು. ಮೂರು ನಾಲ್ಕು ಕಡೆ ಚಿಕ್ಕ ಬೊಟ್ಟು ಸಾಕು, ರಾತ್ರಿ ಅದರ ಕಣವೂ ಉಳಿಯದಂತೆ ಒರಸಿ ತೆಗೆಯಬೇಕು. ದಿನಕ್ಕೆ ಎರಡು ಮೂರು ಸಲ ಅಂಟು ಬೇಕಾಗುತ್ತಿದೆ ಎಂದರೆ ಸೆಟ್ಟು ಸಡಿಲವಾಗಿದೆ, ಅದಕ್ಕೆ ಉತ್ತರ ಇನ್ನೊಂದು ಟ್ಯೂಬ್ ಅಲ್ಲ.

ಎಲ್ಲ ಸರಿಯಾಗಿ ಮಾಡಿಯೂ ಮರುಕಳಿಸಿದರೆ ಮೈಯೊಳಗಿನ ಕಾರಣ ಹುಡುಕಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿರುವುದು, ರಕ್ತಹೀನತೆ, ಬಾಯಿ ಒಣಗಿಸುವ ಗುಳಿಗೆಗಳು, ಬೀಡಿ. ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಸೇದುವವರು ಪ್ರತಿ ಸಲ ಸೇದಿದ ಮೇಲೆ ಸೆಟ್ಟು ತೆಗೆದು ಬಾಯಿ ಮುಕ್ಕಳಿಸಿ ಉಗಿಯಬೇಕು, ಸೆಟ್ಟನ್ನೂ ತೊಳೆಯಬೇಕು. ಬಾಯಿ ಒಣಗುತ್ತದೆಂದು ಪೆಪ್ಪರ್‌ಮಿಂಟ್ ಚೀಪುತ್ತ ಕೂರುವುದು ಯೀಸ್ಟಿಗೆ ಊಟ ಹಾಕಿದಂತೆ. ತುಟಿಯ ಮೂಲೆ ಒಡೆಯುವುದಕ್ಕೆ ಹಲವು ಸಲ ಸವೆದ ಸೆಟ್ಟೇ ಕಾರಣ: ಹಲ್ಲು ಸವೆದು ದವಡೆಗಳು ಹತ್ತಿರ ಬಂದು, ಮೂಲೆಯಲ್ಲಿ ಚರ್ಮ ಮಡಚಿ, ಜೊಲ್ಲು ನಿಂತು ಹುಳಿಯುತ್ತದೆ. ಅಲ್ಲಿ ಯೀಸ್ಟಿನ ಜತೆ ಬ್ಯಾಕ್ಟೀರಿಯಾವೂ ಸೇರಿರಬಹುದಾದ್ದರಿಂದ ಬರೀ ಫಂಗಸ್ ಕ್ರೀಮಿನಿಂದ ಕೆಲವೊಮ್ಮೆ ವಾಸಿಯಾಗುವುದಿಲ್ಲ.

ಹಾಸಿಗೆ ಹಿಡಿದವರ ಮನೆಗೆ ನಮ್ಮ ಪಂಚಾಯತುಗಳಲ್ಲಿ ಪಾಲಿಯೇಟಿವ್ ನರ್ಸ್ ಬರುವ ವ್ಯವಸ್ಥೆಯಿದೆ. ಬಿಪಿ ನೋಡುವಾಗ ಸೆಟ್ಟು ತೆಗೆಸಿ ಅಂಗುಳವನ್ನೂ ಒಮ್ಮೆ ನೋಡಿ ಎಂದು ಮನೆಯವರು ಕೇಳಬೇಕು. ಹೋಂ ನರ್ಸ್ ಇದ್ದರೆ ಉಜ್ಜುವ ಕ್ರಮವನ್ನು ಬಾಯಲ್ಲಿ ಹೇಳಿ ಬಿಡದೆ ಕೈಯಲ್ಲಿ ಮಾಡಿ ತೋರಿಸಿ. ಪೊಟ್ಟಣದ ಮೇಲಿನ ಸಣ್ಣಕ್ಷರದ ಇಂಗ್ಲಿಷು ಕನ್ನಡ ಮಾತ್ರ ಓದುವ ಅಜ್ಜಿಗೆ ದಕ್ಕುವುದಿಲ್ಲ; ಎಷ್ಟು ನೀರು, ಎಷ್ಟು ನಿಮಿಷ ಎಂದು ಕನ್ನಡದಲ್ಲಿ ದಪ್ಪಕ್ಕೆ ಬರೆದು ಡಬ್ಬಿಗೆ ಅಂಟಿಸಿ.

ಎರಡು ಮೂರು ವಾರ ಸರಿಯಾಗಿ ಮಾಡಿಯೂ ಹೋಗದ ಕೆಂಪು ಅಥವಾ ಬಿಳಿ ಮಚ್ಚೆ, ಗಟ್ಟಿಯಾದ ಅಂಚಿನ ಹುಣ್ಣು, ಬಾಯಿ ತೆರೆಯಲು ಬಿಗಿ ಇದ್ದರೆ ಮನೆಮದ್ದು ನಿಲ್ಲಿಸಿ. ಅಡಿಕೆ ನಮ್ಮ ತೋಟದ ಬೆಳೆ, ಅನ್ನ ಕೊಡುವ ಬೆಳೆ. ಅದನ್ನು ಜಗಿಯುವುದರಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಎಂಬುದೂ ಸತ್ಯ. ಎಲೆ ಅಡಿಕೆ ಹಾಕುವವರ ಬಾಯಲ್ಲಿನ ಮಚ್ಚೆಯನ್ನು ಫಂಗಸ್ ಎಂದುಕೊಂಡು ತಿಂಗಳು ಕಳೆಯಬಾರದು. ಪೊಯಿನಾಚಿಯಲ್ಲಿ ದಂತ ಕಾಲೇಜಿದೆ. ಮಂಜೇಶ್ವರ ಕಡೆಯವರಿಗೆ ದೇರಳಕಟ್ಟೆಯ ದಂತ ಕಾಲೇಜು ಹತ್ತಿರ.

ಸೆಟ್ಟಿಗೂ ಆಯುಷ್ಯವಿದೆ. ಐದು ವರ್ಷ ದಾಟಿದ್ದನ್ನು ವೈದ್ಯರಿಗೆ ತೋರಿಸಿ. ಒಸಡಿನ ದಿಂಡು ವರ್ಷ ವರ್ಷ ಕರಗುತ್ತಲೇ ಇರುತ್ತದೆ, ಸೆಟ್ಟು ಕರಗುವುದಿಲ್ಲ. ಒಳಮೈಗೆ ಹೊಸ ಪದರ ಕೊಡಿಸುವುದರಿಂದಲೇ ಕೆಲವೊಮ್ಮೆ ಆಗುತ್ತದೆ. ಬಡತನ ರೇಖೆಗಿಂತ ಕೆಳಗಿರುವ 60 ದಾಟಿದವರಿಗೆ ಕೇರಳ ಸರಕಾರದ ಸಾಮಾಜಿಕ ನ್ಯಾಯ ಇಲಾಖೆಯ ಮಂದಹಾಸಂ ಯೋಜನೆಯಲ್ಲಿ ಉಚಿತವಾಗಿ ಸೆಟ್ಟು ಸಿಗುತ್ತದೆ. ಆದರೆ ಕೆಂಪಾಗಿ ಊದಿದ ಅಂಗುಳದ ಮೇಲೆ ಅಳತೆ ತೆಗೆದರೆ ಸೆಟ್ಟು ಊತದ ಅಳತೆಗೆ ಬರುತ್ತದೆ, ಊತ ಇಳಿದ ದಿನವೇ ಸಡಿಲವಾಗುತ್ತದೆ. ಮೊದಲು ಫಂಗಸ್ ವಾಸಿಮಾಡಿಕೊಳ್ಳಿ. ಆಮೇಲೆ ಅಳತೆಗೆ ಹೋಗುವ ಮೊದಲು ಕನಿಷ್ಠ ಒಂದು ದಿನ, ಸಾಧ್ಯವಾದರೆ ಎರಡು ದಿನ, ಹಳೆಯ ಸೆಟ್ಟನ್ನು ಪೂರ್ತಿ ತೆಗೆದಿಟ್ಟು, ಗಂಜಿ ಮತ್ತು ಮೆತ್ತನೆಯ ಪದಾರ್ಥದಲ್ಲಿ ಸುಧಾರಿಸಿಕೊಂಡು ಹೋಗಿ.